ಕೊಡಲಾಗದವನ ಕಂದಾಯ ಸಾಲವಾಗುವ ಬಗೆ
(ಭಾಷಣದ ಪಾಠ)



ಸಾಲ ಅಂದರೆ ಬ್ಯಾಂಕಿನಿಂದಲೋ, ಸೊಸೈಟಿಯಿಂದಲೋ, ಸಾಹುಕಾರನಿಂದಲೋ ತಂದದ್ದು ಅಂತ ನಾವೆಲ್ಲ ತಿಳಿದಿದ್ದೇವೆ. ಒಂದು ಕಾಸನ್ನೂ ಕೈಯಲ್ಲಿ ಹಿಡಿಯದೆ ಸಾಲಗಾರನಾಗುವ ದಾರಿಯೂ ಒಂದಿದೆ. ಕೊಡುವ ಶಕ್ತಿಯಿಲ್ಲದವನ ಮೇಲೆ ಕಂದಾಯ ಹಾಕಿದರೆ ಸಾಕು, ಅದು ತಾನಾಗಿಯೇ ಬಾಕಿಯಾಗುತ್ತದೆ. ಇದಕ್ಕೆ ಇಂಗ್ಲೆಂಡಿನಲ್ಲಿ 2013ರಲ್ಲಿ ಆದದ್ದನ್ನು ನಿಮ್ಮ ಮುಂದಿಡುತ್ತೇನೆ. ಸಾಹುಕಾರ ದೇಶದ ಕಥೆ ನಮಗ್ಯಾಕೆ ಅನ್ನಬೇಡಿ. ಜಪ್ತಿ ಯಾವ ದೇಶದಲ್ಲಾದರೂ ಜಪ್ತಿಯೇ.

ನಾವು ಪಂಚಾಯಿತಿಗೆ ಮನೆಗಂದಾಯ ಕಟ್ಟುವ ಹಾಗೆ ಅಲ್ಲಿಯ ಜನ ತಮ್ಮ ಊರಿನ ಕೌನ್ಸಿಲಿಗೆ ‘ಕೌನ್ಸಿಲ್ ಟ್ಯಾಕ್ಸ್’ ಕಟ್ಟುತ್ತಾರೆ. ಸಾಮಾನ್ಯವಾಗಿ ಬಾಡಿಗೆಗೆ ಇರುವವನೂ ಕಟ್ಟಬೇಕು. ಆದರೆ ಆದಾಯ ನೋಡಿ, ತೀರಾ ಬಡವರಿಗೆ ಪೂರ್ತಿ ಮಾಫಿ ಕೊಡುವ ನಿಯಮವಿತ್ತು. ದೇಶಕ್ಕೆಲ್ಲ ಒಂದೇ ನಿಯಮ. ಸುಮಾರು 59 ಲಕ್ಷ ಕುಟುಂಬಗಳಿಗೆ ಅದರ ಆಸರೆ ಇತ್ತು. ಹಣ ತುಂಬುತ್ತಿದ್ದದ್ದು ಕೇಂದ್ರ ಸರ್ಕಾರ.

2013ರ ಏಪ್ರಿಲಿನಲ್ಲಿ ಈ ನಿಯಮ ರದ್ದಾಯಿತು. ಇಂಗ್ಲೆಂಡಿನ 326 ಕೌನ್ಸಿಲುಗಳಿಗೆ, ‘ನಿಮ್ಮ ನಿಮ್ಮ ಊರಿಗೆ ನೀವೇ ನಿಯಮ ಮಾಡಿಕೊಳ್ಳಿ’ ಅಂದರು. ಅಧಿಕಾರ ಕೆಳಗೆ ಬಂತು, ಒಳ್ಳೇದೇ ಆಯಿತು ಅನ್ನಿಸುತ್ತದೆ, ಅಲ್ಲವೇ? ಸ್ವಲ್ಪ ತಡೀರಿ. ಅಧಿಕಾರ ಕೊಡುವಾಗಲೇ ಹಣದಲ್ಲಿ ಶೇಕಡಾ 10ರಷ್ಟು ಮುರಿದುಕೊಂಡರು. ಜೊತೆಗೆ, ಪಿಂಚಣಿ ವಯಸ್ಸಿನವರ ಮಾಫಿಯನ್ನು ಮುಟ್ಟಬಾರದು ಅಂತ ಕಟ್ಟಳೆ ಮಾಡಿದರು. ವಯಸ್ಸಾದವರನ್ನು ಕಾಪಾಡಿದ್ದು ಸರಿಯೇ. ಆದರೆ ಲೆಕ್ಕ ನೋಡಿ: ಒಂದು ಊರಿನಲ್ಲಿ ಮಾಫಿಯ ಅರ್ಧ ಹಣ ವಯಸ್ಸಾದವರಿಗೆ ಹೋಗುತ್ತಿದ್ದರೆ, 10ರ ಕಡಿತ ಉಳಿದ ಬಡವರ ಮೇಲೆ 20 ಆಗಿ ಬೀಳುತ್ತದೆ. ಸ್ಕಾಟ್‌ಲೆಂಡ್ ಮತ್ತು ವೇಲ್ಸ್ ಆಡಳಿತಗಳು ಈ ಕೊರತೆಯನ್ನು ತುಂಬಿಕೊಟ್ಟು ಜನರನ್ನು ಉಳಿಸಿಕೊಂಡವು. ಇಂಗ್ಲೆಂಡಿನಲ್ಲಿ ಕೆಲವೇ ಕೌನ್ಸಿಲುಗಳು ಹಾಗೆ ಮಾಡಿದವು. ಬಹಳಷ್ಟು ಕಡೆ ‘ಎಷ್ಟೇ ಬಡವನಾಗಿರಲಿ, ಇಷ್ಟು ಪಾಲು ಕಟ್ಟಲೇಬೇಕು’ ಅಂತ ನಿಯಮ ಬಂತು.

ಒಂದು ಲೆಕ್ಕ ಹಾಕೋಣ. ಮನೆಯ ತೆರಿಗೆ ವರ್ಷಕ್ಕೆ 1,000 ಪೌಂಡು ಅಂತಿಟ್ಟುಕೊಳ್ಳಿ, ಕಟ್ಟಬೇಕಾದ ಪಾಲು ಶೇಕಡಾ 20. ಅಂದರೆ 200 ಪೌಂಡು, ವಾರಕ್ಕೆ ಹತ್ತಿರ ಹತ್ತಿರ 4. ‘ನಾಲ್ಕೇ ತಾನೆ?’ ಅಂತೀರಿ. ಆ ವರ್ಷ 25 ದಾಟಿದ ಒಂಟಿ ನಿರುದ್ಯೋಗಿಗೆ ಸರ್ಕಾರ ಕೊಡುತ್ತಿದ್ದ ಭತ್ಯೆ ವಾರಕ್ಕೆ 71 ಪೌಂಡು 70 ಪೆನ್ಸ್. ಊಟ, ದೀಪ, ಚಳಿಗಾಲದ ಶಾಖ ಎಲ್ಲ ಅದರಲ್ಲೇ ಆಗಬೇಕು.

ಕಂತು ತಪ್ಪಿದರೆ ನೋಟೀಸು ಬರುತ್ತದೆ. ಆಗಲೂ ಕಟ್ಟದಿದ್ದರೆ ಕಂತಿನ ಸವಲತ್ತು ಹೋಗಿ, ವರ್ಷದ ಪೂರ್ತಿ ಬಾಕಿ ಒಟ್ಟಿಗೆ ಕೊಡು ಅನ್ನುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟರ ಕೋರ್ಟು, ಅದರ ಖರ್ಚು ಬಾಕಿದಾರನ ತಲೆಗೆ. ಮುಂದೆ ಜಪ್ತಿ ಏಜೆಂಟನ ಸರದಿ. 2014ರಲ್ಲಿ ಗೊತ್ತುಮಾಡಿದ ದರದಂತೆ, ಕಡತ ಅವನ ಕೈಗೆ ಹೋದರೆ 75 ಪೌಂಡು, ಅವನು ಮನೆ ಬಾಗಿಲಿಗೆ ಬಂದರೆ ಇನ್ನೂ 235. ಒಟ್ಟು 310! ಇನ್ನೂರು ಪೌಂಡು ಕೊಡಲಾಗದವನಿಂದ ಮುನ್ನೂರ ಹತ್ತು ಪೌಂಡು ವಸೂಲಿ ಖರ್ಚನ್ನೇ ಕೇಳುವ ನ್ಯಾಯ ಇದು. ಅಸಲಿಗಿಂತ ಬಡ್ಡಿ ದೊಡ್ಡದಾಗುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಮಾಡಿ ಬಂದದ್ದೆಷ್ಟು? ಅಲ್ಲಿನ ‘ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್’ 2019ರಲ್ಲಿ ಲೆಕ್ಕ ಕೊಟ್ಟಿತು. ಮಾಫಿ ಕಡಿತದಿಂದ ಬಡವರ ಮೇಲೆ ಹೊಸದಾಗಿ ಬಿದ್ದ ತೆರಿಗೆಯಲ್ಲಿ ಸುಮಾರು ಕಾಲುಭಾಗ ವಸೂಲಾಗಲೇ ಇಲ್ಲ. ಕೌನ್ಸಿಲಿನ ಪುಸ್ತಕದಲ್ಲಿ ಆದಾಯ ಅಂತ ಬರೆದದ್ದು, ಬಡವನ ಮನೆಯಲ್ಲಿ ಸಾಲವಾಗಿ ಕೂತಿತು. ಊರೂರಿಗೂ ಬೇರೆ ನಿಯಮ, ಬೇರೆ ಅರ್ಜಿ, ಬೇರೆ ಲೆಕ್ಕದ ಖರ್ಚು ಇದರ ಮೇಲೆ. ಕೂಲಿ ತಿಂಗಳು ತಿಂಗಳೂ ಏರಿಳಿಯುವವನಿಗೆ ಪ್ರತಿ ಸಲ ಹೊಸ ಬಿಲ್ಲು!

ಇದು ಅವರಿಗೆ ತಿಳಿಯದ ವಿಷಯವೂ ಅಲ್ಲ. 1990ರಲ್ಲಿ ಥ್ಯಾಚರ್ ಸರ್ಕಾರ ಇಂಗ್ಲೆಂಡಿನಲ್ಲಿ ತಲೆಗಂದಾಯ ತಂದಾಗಲೂ ಕಡುಬಡವ ಶೇಕಡಾ 20 ಕಟ್ಟಲೇಬೇಕೆಂದಿತ್ತು. ಜನ ಬೀದಿಗಿಳಿದರು, ಲಕ್ಷಾಂತರ ಮಂದಿ ಕಟ್ಟಲಿಲ್ಲ. 1993ರಲ್ಲಿ ತಲೆಗಂದಾಯವೂ ಹೋಯಿತು, ಆ 20ರ ನಿಯಮವೂ ಹೋಯಿತು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಪಾಲು ಹಿಂಬಾಗಿಲಿಂದ ಒಳಬಂತು. ಈ ಸಲ ಬೈಗುಳ ತಿಂದದ್ದು ಊರಿನ ಕೌನ್ಸಿಲು.

ಆದ್ದರಿಂದ ಬಂಧುಗಳೇ, ‘ರಿಯಾಯಿತಿ ಸುಧಾರಣೆ ಮಾಡುತ್ತೇವೆ, ಅಧಿಕಾರ ನಿಮ್ಮ ಕೈಗೇ ಕೊಡುತ್ತೇವೆ’ ಅಂತ ಯಾರೇ ಬರಲಿ, ಮೂರು ಮಾತು ಕೇಳಿ. ಅಧಿಕಾರದ ಜೊತೆ ಹಣ ಪೂರ್ತಿ ಬರುತ್ತದೆಯೇ? ವಸೂಲಿ ಖರ್ಚು ಕಳೆದು ಕೈಗೆ ಉಳಿಯುವುದೆಷ್ಟು? ಕಟ್ಟಲಾಗದವನ ಗತಿ ಏನು? ಮೂರಕ್ಕೂ ಲೆಕ್ಕ ಕೊಡುವವರೆಗೆ ಒಪ್ಪಿಗೆ ಕೊಡಬೇಡಿ.