ಔಷಧಿಯ ಲೆಕ್ಕ: ಮೊದಲ ಪರೀಕ್ಷೆಗೆ ಸಿದ್ಧತೆ



ನಿಮ್ಮ ಮನೆ ಭದ್ರಾವತಿಯಲ್ಲಿದೆ, ಈ ವರ್ಷವಷ್ಟೇ ಶಿವಮೊಗ್ಗದಲ್ಲಿ ನರ್ಸಿಂಗ್ ಓದಲು ಸೇರಿದ್ದೀರಿ ಎಂದುಕೊಳ್ಳೋಣ. ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್ ದಾರಿ. ಮೂಳೆಗಳ ಹೆಸರು, ರಕ್ತನಾಳಗಳ ಹೆಸರು ಬಾಯಿಗೆ ಬಂದಿವೆ. ಹಾಸಿಗೆ ಹಾಸುವುದು, ನಾಡಿ ನೋಡುವುದು ಕೈಗೆ ಕೂತಿವೆ. ಅಷ್ಟರಲ್ಲಿ ಒಂದು ದಿನ ಸೂಚನಾಫಲಕದಲ್ಲಿ ಚೀಟಿ ಅಂಟಿಸುತ್ತಾರೆ: ಮುಂದಿನ ವಾರ ಔಷಧಿ ಪ್ರಮಾಣದ ಲೆಕ್ಕಗಳ ಪರೀಕ್ಷೆ. "ಲೆಕ್ಕ ಬೇಡವೆಂದೇ ಈ ಕಡೆ ಬಂದವಳು ನಾನು" ಎಂದು ಪಕ್ಕದ ಗೆಳತಿ ನಿಟ್ಟುಸಿರು ಬಿಡುತ್ತಾಳೆ. ನೀವೂ ಬಿಡುತ್ತೀರಿ.

ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ಈ ಪರೀಕ್ಷೆಗೆ ಬೇಕಾದ ಗಣಿತವನ್ನು ನೀವು ಏಳನೆಯ ತರಗತಿಯೊಳಗೇ ಕಲಿತಿದ್ದೀರಿ. ಗುಣಾಕಾರ, ಭಾಗಾಕಾರ, ದಶಾಂಶ, ಶೇಕಡಾ, ಇವಕ್ಕಿಂತ ಹೆಚ್ಚಿನದು ಇಲ್ಲ. ಎಲ್ಲಕ್ಕೂ ತಳಹದಿಯಾಗಿರುವುದು ನಮ್ಮ ಹಿರಿಯರು ತ್ರೈರಾಶಿಕ ಎಂದು ಕರೆದ ಸೂತ್ರ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 9ನೆಯ ಶತಮಾನದಲ್ಲಿ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು ವಿವರಿಸಿದ್ದಾನೆ. ಆಮೇಲೆ 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಹೀಗಾಗಿ ಲೆಕ್ಕ ಎಂದರೆ ಇಂಗ್ಲಿಷಿನದು, ನಮ್ಮದಲ್ಲ ಎಂಬ ಅಂಜಿಕೆ ಕನ್ನಡ ಮಾಧ್ಯಮದಿಂದ ಬಂದವರಿಗೆ ಬೇಡ.

ತ್ರೈರಾಶಿಕದಲ್ಲಿ ಮೂರು ಸಂಖ್ಯೆಗಳು: ಪ್ರಮಾಣ, ಫಲ, ಇಚ್ಛೆ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ವಾರ್ಡಿನ ಭಾಷೆಯಲ್ಲಿ ಹೇಳುವುದಾದರೆ, ವೈದ್ಯರು ಬರೆದದ್ದು ಇಚ್ಛೆ, ಶೀಶೆಯ ಮೇಲಿನ ಔಷಧಿಯ ತೂಕ ಪ್ರಮಾಣ, ಆ ತೂಕ ಎಷ್ಟು ದ್ರವದಲ್ಲಿದೆ ಎಂಬುದು ಫಲ. ನಿಮ್ಮ ಪಠ್ಯಪುಸ್ತಕದಲ್ಲಿ ಇದೇ ಸೂತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಕೂತಿದೆ, ಅಷ್ಟೇ.

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. 10 ಕಿಲೋ ತೂಕದ ಮಗುವಿಗೆ ಜ್ವರ. ಪ್ಯಾರಾಸಿಟಮಾಲ್ ಅನ್ನು ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ ಕೊಡಲು ವೈದ್ಯರು ಬರೆದಿದ್ದಾರೆ. ಅಂದರೆ ಒಂದು ಸಲಕ್ಕೆ 150 ಮಿಲಿಗ್ರಾಂ. ಇಷ್ಟಕ್ಕೆ ಎಲ್ಲರ ಉತ್ತರವೂ ಸರಿ ಬರುತ್ತದೆ. ಆದರೆ ಬೀರುವಿನಲ್ಲಿ ಮೂರು ಶೀಶೆಗಳಿವೆ. ಮೊದಲನೆಯದರಲ್ಲಿ 5 ಮಿ.ಲೀ.ಗೆ 125 ಮಿಲಿಗ್ರಾಂ, ಎರಡನೆಯದರಲ್ಲಿ 5 ಮಿ.ಲೀ.ಗೆ 250 ಮಿಲಿಗ್ರಾಂ. ಮೂರನೆಯದು ಹಸುಗೂಸುಗಳ ಹನಿ ಔಷಧಿ, ಅದರ ಒಂದೇ ಮಿ.ಲೀ.ಯಲ್ಲಿ 100 ಮಿಲಿಗ್ರಾಂ ಇದೆ. ಲೆಕ್ಕ ಹಾಕಿ. ಮೊದಲನೆಯದಾದರೆ 6 ಮಿ.ಲೀ., ಎರಡನೆಯದಾದರೆ 3 ಮಿ.ಲೀ., ಮೂರನೆಯದಾದರೆ ಒಂದೂವರೆ ಮಿ.ಲೀ. ಮಗು ಒಂದೇ, ಜ್ವರ ಒಂದೇ, ಔಷಧಿಯೂ ಒಂದೇ. ಮೊದಲ ಶೀಶೆಯ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಮೂರನೆಯ ಶೀಶೆಯಿಂದ 6 ಮಿ.ಲೀ. ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 600 ಮಿಲಿಗ್ರಾಂ, ಬೇಕಾದದ್ದರ ನಾಲ್ಕು ಪಾಲು. ಪ್ಯಾರಾಸಿಟಮಾಲ್ ಅತಿಯಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. "ಸಿರಪ್ ಎಷ್ಟು ಚಮಚ?" ಎಂದು ಕೇಳುವ ತಾಯಂದಿರಿಗೆ ನೀವು ಮೊದಲು "ಶೀಶೆ ತೋರಿಸಿ ಅಮ್ಮಾ" ಎನ್ನಬೇಕಾದದ್ದು ಇದಕ್ಕೇ.

ನಮ್ಮ ಜಿಲ್ಲೆಯಲ್ಲಿ ಜ್ವರದ ಮಾತು ಬಂದಾಗ ಮಂಗನ ಕಾಯಿಲೆ ನೆನಪಾಗದೆ ಇರದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಕಾಯಿಲೆಯ ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ. ಜ್ವರ ಇಳಿಸುವುದು, ದೇಹದ ನೀರಿನಂಶ ಕಾಯುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಇದೇ ಚಿಕಿತ್ಸೆ. ಅಂದರೆ ರೋಗಿ ಚೇತರಿಸಿಕೊಳ್ಳುವುದು ಬಹುಮಟ್ಟಿಗೆ ಇಂಥ ಸಣ್ಣ ಲೆಕ್ಕಗಳನ್ನು ದಿನಕ್ಕೆ ಹಲವು ಸಲ ಸರಿಯಾಗಿ ಮಾಡುವ ದಾದಿಯರ ಕೈಯಲ್ಲಿ.

ಇನ್ನು ತಪ್ಪುಗಳ ವಿಚಾರ. ಕಲಿಯುವ ಕಾಲದಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಹೃದಯದ ಕಾಯಿಲೆಯವರಿಗೆ ಕೊಡುವ ಡಿಜಾಕ್ಸಿನ್ 0.125 ಮಿಲಿಗ್ರಾಂ ಬೇಕು, ಇರುವ ಮಾತ್ರೆ 0.25 ಮಿಲಿಗ್ರಾಂನದು. ನಾನು ಅವಸರದಲ್ಲಿ ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ, 2 ಮಾತ್ರೆ ಎಂದು ಬರೆದು ಕೊಟ್ಟೆ. ನಮ್ಮ ಉಪಾಧ್ಯಾಯಿನಿ ಗದರಲಿಲ್ಲ. "ಏನಮ್ಮಾ, ಅವರು ಕೇಳಿದ್ದು ಒಂದು ಮಾತ್ರೆಗಿಂತ ಹೆಚ್ಚೋ ಕಡಿಮೆಯೋ?" ಎಂದು ಮಾತ್ರ ಕೇಳಿದರು. ಉತ್ತರ ಅರ್ಧ ಮಾತ್ರೆ ಎಂದು ಆಗ ಹೊಳೆಯಿತು. ನಾನು ಬರೆದದ್ದು ನಾಲ್ಕು ಪಟ್ಟು. ಡಿಜಾಕ್ಸಿನ್‌ನಲ್ಲಾದರೋ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರವೇ ಬಹಳ ಕಿರಿದು. ಅಂದಿನಿಂದ ಲೆಕ್ಕಕ್ಕೆ ಕೈ ಹಾಕುವ ಮುನ್ನ ನಾನು ಆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನೀವೂ ಕೇಳಿಕೊಳ್ಳಿ. ಉತ್ತರ ಇಪ್ಪತ್ತು ಮಾತ್ರೆ ಎಂದೋ, ತೋಳಿಗೆ 30 ಮಿ.ಲೀ. ಚುಚ್ಚುಮದ್ದು ಎಂದೋ ಬಂದರೆ ಸೂತ್ರ ಏನೇ ಹೇಳಲಿ, ಪೆನ್ನು ಕೆಳಗಿಟ್ಟು ಮೊದಲಿನಿಂದ ನೋಡಿ.

ದಶಾಂಶ ಬಿಂದು ನೋಡಲು ಸಾಸಿವೆಯಷ್ಟು. ಅರ್ಧ ಮಿಲಿಗ್ರಾಂ ಎನ್ನಲು ಬರಿಯ ಬಿಂದು ಹಾಕಿ 5 ಬರೆದರೆ, ಬಿಂದು ಮಸುಕಾದಾಗ ಓದುವವರಿಗೆ ಅದು 5. ಆದ್ದರಿಂದ 0.5 ಎಂದೇ ಬರೆಯಿರಿ. ಹಾಗೆಯೇ 5 ಎನ್ನಬೇಕಾದಲ್ಲಿ 5.0 ಎಂದು ಬರೆಯಬೇಡಿ, ಅದು 50 ಆದೀತು. ಯೂನಿಟ್ ಎಂಬುದನ್ನು ಒಂದೇ ಇಂಗ್ಲಿಷ್ ಅಕ್ಷರದಲ್ಲಿ ಗೀಚಿದರೆ ಸೊನ್ನೆಯಂತೆ ಕಂಡು ಪ್ರಮಾಣ ಹತ್ತು ಪಟ್ಟಾಗುತ್ತದೆ, ಪದವನ್ನು ಪೂರ್ತಿ ಬರೆಯಿರಿ. ಒಂದು ಗ್ರಾಂಗೆ ಸಾವಿರ ಮಿಲಿಗ್ರಾಂ, ಒಂದು ಮಿಲಿಗ್ರಾಂಗೆ ಸಾವಿರ ಮೈಕ್ರೋಗ್ರಾಂ. ಇಲ್ಲಿ ಎಡವಿದರೆ ತಪ್ಪು ಹತ್ತು ಪಟ್ಟಲ್ಲ, ಸಾವಿರ ಪಟ್ಟು.

ಸಾವಿರ ಪಟ್ಟಿನ ತಪ್ಪು ಎಲ್ಲಾದರೂ ನಡೆದೀತೇ ಎನ್ನುವಿರಾ? 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಚಿತ್ರನಟ ಡೆನಿಸ್ ಕ್ವೇಡ್ ಅವರ ನವಜಾತ ಅವಳಿ ಮಕ್ಕಳಿಗೆ ಹೆಪಾರಿನ್ ಕೊಡುವಾಗ ಹೀಗೇ ಆಯಿತು. ಮಿ.ಲೀ.ಗೆ 10 ಯೂನಿಟ್ ಇರಬೇಕಾದಲ್ಲಿ 10,000 ಯೂನಿಟ್ ಇದ್ದ ಶೀಶೆ ಕೈಗೆ ಬಂದಿತ್ತು. ಎರಡರ ಹಣೆಪಟ್ಟಿಯೂ ನೋಡಲು ಹೆಚ್ಚುಕಡಿಮೆ ಒಂದೇ ಬಗೆ. ಪುಣ್ಯಕ್ಕೆ ಮಕ್ಕಳು ಉಳಿದರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿ ನೀಡಿಕೆಯ ತಪ್ಪುಗಳನ್ನು ತಗ್ಗಿಸಲೆಂದೇ ಜಗತ್ತಿನಾದ್ಯಂತ ಒಂದು ಕಾರ್ಯಕ್ರಮ ಆರಂಭಿಸಬೇಕಾಯಿತು. ಅಂಥ ದೊಡ್ಡ ಆಸ್ಪತ್ರೆಗಳಲ್ಲೇ ಹೀಗಾದರೆ ನಮ್ಮ ಗತಿಯೇನು ಎಂದು ಹೆದರಬೇಕಿಲ್ಲ. ಹಣೆಪಟ್ಟಿಯನ್ನು ಮೂರು ಸಲ ಓದುವ ಅಭ್ಯಾಸಕ್ಕೆ ದುಡ್ಡು ಬೇಡ: ಬೀರುವಿನಿಂದ ತೆಗೆಯುವಾಗ, ಅಳೆಯುವಾಗ, ಮರಳಿ ಇಡುವಾಗ.

ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ 35 ಬಂದರೆ ಪಾಸು ಎಂದು ಬೆಳೆದವರು ನಾವು. ಹೊರದೇಶಗಳ ಹಲವು ನರ್ಸಿಂಗ್ ಶಾಲೆಗಳಲ್ಲಿ ಈ ಲೆಕ್ಕದ ಪರೀಕ್ಷೆಗೆ 90, ಕೆಲವೆಡೆ ನೂರಕ್ಕೆ ನೂರೇ ಬೇಕು. ಅದು ಕ್ರೌರ್ಯವೆಂದು ನನಗೆ ಅನ್ನಿಸುವುದಿಲ್ಲ. ನೂರರಲ್ಲಿ 65 ರೋಗಿಗಳಿಗೆ ತಪ್ಪು ಪ್ರಮಾಣ ಕೊಟ್ಟವರನ್ನು ಪಾಸು ಎಂದು ಹೇಗೆ ಕರೆಯೋಣ?

ಇನ್ಸುಲಿನ್ ಬಗ್ಗೆ ಸ್ವಲ್ಪ ನಿಲ್ಲೋಣ. ನಮ್ಮ ದೇಶದಲ್ಲಿ ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್ ಇರುವ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. ಸಿರಿಂಜುಗಳೂ ಎರಡು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ವೈದ್ಯರು 20 ಯೂನಿಟ್ ಎಂದಿದ್ದಾರೆ. 100ರ ಶೀಶೆಗೆ ಕೆಂಪು ಮುಚ್ಚಳದ ಸಿರಿಂಜು ಹಾಕಿ 20ರ ಗೆರೆಯವರೆಗೆ ಎಳೆದರೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ರೋಗಿಯ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ತಿರುಗುಮುರುಗಾಗಿ, 40ರ ಶೀಶೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿಗೆ ಎಳೆದರೆ ಬರಿಯ 8 ಯೂನಿಟ್. ಇಲ್ಲಿ ಗುಣಿಸಿ ಭಾಗಿಸುವ ಕೆಲಸವೇ ಇಲ್ಲ, ಜೋಡಿ ಹೊಂದಿಸಿದರೆ ಸಾಕು. ಆದರೂ ಪರೀಕ್ಷೆಯಲ್ಲಿ ಇದನ್ನು ಕೇಳಿದಾಗ ಲೆಕ್ಕ ಮಾಡಿ ತೋರಿಸುವುದು ಬಂದಿರಬೇಕು.

ಶೇಕಡಾ ಲೆಕ್ಕ ಭದ್ರಾವತಿಯವರಿಗೆ ಹೊಸದಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರದು. ಉಕ್ಕಿನಲ್ಲಿ ಇಂಗಾಲ ಶೇಕಡಾ ಎಷ್ಟು ಎಂಬ ಮಾತು ಕೇಳಿಕೊಂಡೇ ಬೆಳೆದ ಮಕ್ಕಳು ಅಲ್ಲಿ ಬಹಳ. ಸಲೈನ್ ಬಾಟಲಿಯ ಮೇಲಿನ ಶೇಕಡಾ 0.9 ಕೂಡ ಅಂಥದೇ: 100 ಮಿ.ಲೀ.ಯಲ್ಲಿ 0.9 ಗ್ರಾಂ ಉಪ್ಪು. ಅರ್ಧ ಲೀಟರಿನ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ. ಶೇಕಡಾ 5ರ ಡೆಕ್ಸ್ಟ್ರೋಸ್ ಅಷ್ಟೇ ಇದ್ದರೆ ಸಕ್ಕರೆ 25 ಗ್ರಾಂ.

ಪ್ರಶ್ನೆಯನ್ನು ಓದುವಾಗಿನ ಒಂದು ಬಲೆಯನ್ನೂ ಹೇಳಬೇಕು. 15 ಕಿಲೋ ಮಗುವಿಗೆ ಅಮಾಕ್ಸಿಸಿಲಿನ್, ಕಿಲೋಗೆ ದಿನಕ್ಕೆ 25 ಮಿಲಿಗ್ರಾಂ, ಟಿ.ಡಿ.ಎಸ್. ಎಂದಿರುತ್ತದೆ. ಟಿ.ಡಿ.ಎಸ್. ಎಂದರೆ ದಿನಕ್ಕೆ ಮೂರು ಸಲ, ಲ್ಯಾಟಿನ್ ಮಾತಿನ ಹ್ರಸ್ವರೂಪ. 375 ಎಂದು ಬರೆದು ನಿಲ್ಲಿಸುವವರೇ ಹೆಚ್ಚು. ಅದು ಇಡೀ ದಿನದ್ದು. ಮೂರು ಪಾಲು ಮಾಡಿದರೆ ಒಂದು ಸಲಕ್ಕೆ 125 ಮಿಲಿಗ್ರಾಂ. 'ದಿನಕ್ಕೆ', 'ಸಲಕ್ಕೆ' ಎಂಬ ಪದಗಳ ಕೆಳಗೆ ಗೆರೆ ಎಳೆದುಕೊಳ್ಳಿ.

ಸಿದ್ಧತೆಗೆ ವಾರ ಸಾಕು, ಆದರೆ ಹಿಂದಿನ ರಾತ್ರಿಯೊಂದೇ ಸಾಲದು. ಕ್ಯಾಲ್ಕುಲೇಟರ್ ಬಿಟ್ಟು ದಿನಕ್ಕೆ ಹತ್ತು ಲೆಕ್ಕ ಮಾಡಿ. ಪ್ರತಿ ಸಾಲಿನಲ್ಲೂ ಸಂಖ್ಯೆಯ ಮುಂದೆ ಏಕಮಾನ ಬರೆಯಿರಿ. ಮಿಲಿಗ್ರಾಂ ಮಿಲಿಗ್ರಾಂನೊಡನೆ ಹೊಡೆದುಹೋಗಿ ಕೊನೆಗೆ ಮಿ.ಲೀ. ಉಳಿದರೆ ದಾರಿ ಸರಿಯಿದೆ ಎಂದು ತಿಳಿಯಿರಿ. ಮೆಗ್ಗಾನ್ ಆಸ್ಪತ್ರೆಯಂಥ ಕಡೆ ವಾರ್ಡಿಗೆ ಅಭ್ಯಾಸಕ್ಕೆ ಹೋಗುವವರು ಖಾಲಿ ಡಬ್ಬಿಗಳ ಹಣೆಪಟ್ಟಿ ಓದಿ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಉತ್ತರ ನೋಡದೆ ಮತ್ತೆ ಮಾಡಿ. ಉತ್ತರ ನೋಡಿಕೊಂಡು "ಸರಿ ಇದೆ" ಎನ್ನುವುದು ಪರಿಶೀಲನೆಯಲ್ಲ, ದಾಕ್ಷಿಣ್ಯ.

ಕೊನೆಗೆ ಬಸ್ಸಿನಲ್ಲಿ ಮಾಡಲು ಒಂದು ಲೆಕ್ಕ. ಬೆಳಿಗ್ಗೆ 10ಕ್ಕೆ ಒಂದು ಲೀಟರ್ ಸಲೈನ್ ಹಚ್ಚಿದ್ದಾರೆ, 8 ಗಂಟೆಯಲ್ಲಿ ಮುಗಿಯಬೇಕು. ಡ್ರಿಪ್ ಸೆಟ್ಟಿನ ಮೇಲೆ ಮಿ.ಲೀ.ಗೆ 15 ಹನಿ ಎಂದಿದೆ. ಸಾವಿರವನ್ನು 15ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 31 ಹನಿ. ಮಧ್ಯಾಹ್ನ 2ಕ್ಕೆ ನೀವು ನೋಡಿದಾಗ ಬಾಟಲಿಯಲ್ಲಿ 500 ಇರಬೇಕಾದದ್ದು 600 ಉಳಿದಿದೆ. ಉಳಿದ 4 ಗಂಟೆಯಲ್ಲಿ ಮುಗಿಸಲು ನಿಮಿಷಕ್ಕೆ 37 ಅಥವಾ 38 ಹನಿ ಬೇಕೆಂದು ಲೆಕ್ಕ ಹೇಳುತ್ತದೆ. ಪರೀಕ್ಷೆಯಲ್ಲಿ ಅಷ್ಟು ಬರೆಯಿರಿ. ವಾರ್ಡಿನಲ್ಲಾದರೆ ಹನಿ ಹೆಚ್ಚಿಸುವ ಮುನ್ನ ರೋಗಿಯ ಕೈ ನೋಡಿ: ಮಡಚಿದ್ದಾರೆಯೇ, ಸೂಜಿಯ ಸುತ್ತ ಊದಿದೆಯೇ, ನಳಿಕೆ ಮೈಕೆಳಗೆ ಸಿಕ್ಕಿದೆಯೇ? ಆಮೇಲೆ ಸಿಸ್ಟರಿಗೆ ಹೇಳಿ, ಅವರ ಒಪ್ಪಿಗೆ ಪಡೆದು ಚಕ್ರಕ್ಕೆ ಕೈ ಹಾಕಿ, ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿ.