ಎರಡು ಕೈಗಳಿದ್ದರೆ ಸಾಕೇ?



ನಿಮ್ಮ ಕಣ್ಣೆದುರು ಒಬ್ಬರು ಹಠಾತ್ತನೆ ಕುಸಿದು ಬಿದ್ದರು ಎಂದಿಟ್ಟುಕೊಳ್ಳಿ. ಕರೆದರೆ ಓಗೊಡುವುದಿಲ್ಲ, ಉಸಿರಾಟವೂ ಇಲ್ಲ. ಜನ ಸೇರುತ್ತಾರೆ. ಒಬ್ಬರು ನೀರು ಚಿಮುಕಿಸಿ ಎನ್ನುತ್ತಾರೆ, ಇನ್ನೊಬ್ಬರು ಗಾಳಿ ಬಿಡಿ ಎನ್ನುತ್ತಾರೆ. ಅಲ್ಲಿರುವ ಹಲವರು ಸಿ.ಪಿ.ಆರ್. ಎಂಬುದನ್ನು ಮೊಬೈಲಿನಲ್ಲಿ ನೋಡಿದವರೇ. ಆದರೂ ಮೊಣಕಾಲೂರಿ ಎದೆಯ ಮೇಲೆ ಕೈಯಿಡುವವರಿಲ್ಲ. ಯಾಕೆ?

1960ರಲ್ಲಿ ಅಮೆರಿಕದ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬವರು, ಎದೆಯನ್ನು ಸೀಳದೆ ಹೊರಗಿನಿಂದ ಒತ್ತಿಯೇ ನಿಂತ ಹೃದಯದ ಕೆಲಸ ನಡೆಸಬಹುದೆಂದು ತೋರಿಸಿದರು. ಬೇಕಾದುದು ಎರಡು ಕೈಗಳು ಮಾತ್ರ ಎಂದರು. ಕೈಗಳೇನೋ ನಮಗೆಲ್ಲ ಇವೆ. ಇಲ್ಲದಿರುವುದು ಧೈರ್ಯ.

ಮೊದಲ ಭಯ, ನನ್ನಿಂದ ಕೇಡಾದರೆ ಎಂಬುದು. ಒತ್ತುವಾಗ ಕೆಲವೊಮ್ಮೆ ಪಕ್ಕೆಲುಬು ಮುರಿಯುವುದುಂಟು. ಆದರೆ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಪಕ್ಕೆಲುಬು ಕೂಡಿಕೊಳ್ಳುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹಿಂಜರಿಕೆಯೇ? ಕಣ್ಣೆದುರು ಕುಸಿದ ವಯಸ್ಕರಿಗೆ ತರಬೇತಿಯಿಲ್ಲದವರು ಎದೆ ಒತ್ತಿದರೆ ಸಾಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೇಳಿದೆ. ಮಕ್ಕಳಿಗೆ, ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಉಸಿರೂ ಬೇಕು. ಇನ್ನು ಪೊಲೀಸ್, ಕೋರ್ಟ್ ಎಂಬ ಭಯ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2016ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ನೀಡಿವೆ. ಈ ಸಂಗತಿ ನಮ್ಮ ಊರುಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಇನ್ನೊಂದು ಅಳುಕಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿದ್ದವರು ಹೆಣ್ಣಾದರೆ? ಇದು ನಮ್ಮ ಸಮಾಜದ ಸಂಕೋಚ ಮಾತ್ರ ಎಂದು ಭಾವಿಸಬೇಡಿ. ಅಮೆರಿಕದ ಒಂದು ಅಧ್ಯಯನದಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತ ಗಂಡಸರಲ್ಲಿ ಶೇಕಡಾ 45 ಮಂದಿಗೆ ದಾರಿಹೋಕರ ನೆರವು ಸಿಕ್ಕಿತ್ತು, ಹೆಂಗಸರಲ್ಲಿ ಶೇಕಡಾ 39 ಮಂದಿಗೆ. ಒತ್ತಲು ಬಟ್ಟೆ ಸರಿಸಬೇಕಾಗಿಲ್ಲ, ಬಟ್ಟೆಯ ಮೇಲಿಂದಲೇ ಆರಂಭಿಸಬಹುದು. ಸಹೋದರಿಯರೇ, ಮನೆಯಲ್ಲಿ, ಹಾಸ್ಟೆಲಿನಲ್ಲಿ, ಮದುವೆ ಮನೆಯ ಹೆಂಗಸರ ಕಡೆಯಲ್ಲಿ ಹತ್ತಿರವಿರುವವರು ನೀವೇ. ಆದುದರಿಂದ ನೀವು ಕಲಿಯುವುದು ಹೆಚ್ಚು ಅಗತ್ಯ.

ಧೈರ್ಯವನ್ನು ಬೆಳೆಸಬಹುದೇ? ಡೆನ್ಮಾರ್ಕಿನಲ್ಲಿ 2005ರಿಂದ ಶಾಲೆಗಳಲ್ಲಿ, 2006ರಿಂದ ಚಾಲನಾ ಪರವಾನಗಿ ಪಡೆಯುವವರಿಗೆ ಈ ತರಬೇತಿ ಕಡ್ಡಾಯವಾಯಿತು. ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಜನಸಾಮಾನ್ಯರ ಸಿ.ಪಿ.ಆರ್. ಪಡೆದವರು 2001ರಲ್ಲಿ ಶೇಕಡಾ 21, 2010ರಲ್ಲಿ ಶೇಕಡಾ 45. ಮೂವತ್ತು ದಿನಗಳ ಬಳಿಕ ಬದುಕಿದ್ದವರು ಶೇಕಡಾ 3.5ರಿಂದ 10.8ಕ್ಕೆ ಏರಿದರು. ಆ ಅವಧಿಯಲ್ಲಿ ಚಿಕಿತ್ಸೆಯೂ ಸುಧಾರಿಸಿತ್ತು, ಎಲ್ಲ ಶ್ರೇಯಸ್ಸೂ ತರಬೇತಿಯದೇ ಅಲ್ಲ. ಆದರೆ ಮುಂದೆ ಬಂದ ಕೈಗಳು ಇಮ್ಮಡಿಯಾದುದು ನಿಜ.

ವೀಡಿಯೊ ನೋಡಿ ಬರುವ ಧೈರ್ಯವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎದೆ ಕನಿಷ್ಠ 5 ಸೆಂಟಿಮೀಟರ್ ತಗ್ಗಬೇಕು, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಇದಕ್ಕೆಷ್ಟು ಬಲ ಬೇಕೆಂಬುದು ಕೈಗೆ ಮಾತ್ರ ಗೊತ್ತಾಗುವ ವಿಷಯ. ಕಲಿತದ್ದೂ ಕೆಲವೇ ತಿಂಗಳುಗಳಲ್ಲಿ ಮಾಸುತ್ತದೆ. ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಬೇಕು.

ಪಕ್ಕದ ಕೊಠಡಿಯಲ್ಲಿ ಎರಡು ಬೊಂಬೆಗಳಿವೆ. ಇಬ್ಬಿಬ್ಬರಾಗಿ ಬನ್ನಿ. ಒಬ್ಬರು 108ಕ್ಕೆ ಕರೆ ಮಾಡಿದಂತೆ ಮಾತನಾಡಲಿ, ಇನ್ನೊಬ್ಬರು ಎರಡು ನಿಮಿಷ ಒತ್ತಲಿ. ಎರಡನೆಯ ನಿಮಿಷದಲ್ಲಿ ತೋಳು ಸೋಲುತ್ತದೆ, ಆಗ ಜಾಗ ಬದಲಿಸಿ.