ಮೊದಲು ಮಾತು, ಆಮೇಲೆ ಆಟ

(ಗ್ರಾಮಸೇವಕರೊಬ್ಬರು ಯುವಕ ಮಂಡಲಿಯ ಸಭೆಯಲ್ಲಿ ಮಾಡಿದ ಭಾಷಣ)



ಗೊಬ್ಬರ, ಬೀಜ, ಕೀಟದ ಔಷಧಿ ಎಂದು ಹೇಳಿಕೊಂಡು ಊರೂರು ತಿರುಗುವವನು ಇವತ್ತು ಚೌಕಾಬಾರದ ಮಾತು ತೆಗೆದನಲ್ಲ ಎಂದು ನಗಬೇಡಿ. ಆಟದ ಜಗಳದಿಂದ ಎರಡು ಹೊಲದ ರಾಗಿ ಕಳೆಯ ಪಾಲಾದದ್ದನ್ನು ಕಣ್ಣಾರೆ ಕಂಡವನು ನಾನು. ಅದರಲ್ಲಿ ನನ್ನ ತಪ್ಪೂ ಒಂದು ಪಾಲು ಇತ್ತು. ಆದ್ದರಿಂದಲೇ ಈ ಮಾತು.

ನಮ್ಮ ಸೀಮೆಯಲ್ಲಿ ಆಟಕ್ಕೆ ಬರವಿಲ್ಲ. ಜಗಲಿಯ ಮೇಲೆ ಸುಣ್ಣದ ಕಲ್ಲಿನಿಂದ ಗೆರೆ ಎಳೆದರೆ ಚೌಕಾಬಾರ. ಮರದ ಹಲಗೆಯಲ್ಲಿ ಹದಿನಾಲ್ಕು ಗುಳಿ ತೋಡಿದರೆ ಅಳಗುಳಿ ಮಣೆ; ಅದನ್ನೇ ಕರಾವಳಿಯವರು ಚೆನ್ನೆಮಣೆ ಎನ್ನುತ್ತಾರೆ. ಹುಲಿ-ಕುರಿ ಆಟಕ್ಕೆ ಮೂರು ದೊಡ್ಡ ಕಲ್ಲು, ಹದಿನೈದು ಸಣ್ಣ ಕಲ್ಲು ಸಾಕು. ಹಂಪೆಗೆ ಹೋದವರು ಅಲ್ಲಿಯ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ನೋಡಿರಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಳೆಯ ಆಟಗಳನ್ನು ಆಡಿದ್ದಲ್ಲದೆ ಹೊಸ ಹೊಸ ಆಟಗಳನ್ನೂ ತಾವೇ ಕಟ್ಟಿದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದು ಆಟಗಳನ್ನು ಕುರಿತದ್ದು. ಆಟ ಕಟ್ಟುವುದು ಅರಸರಿಗೂ ಸಣ್ಣ ಕೆಲಸವಾಗಿರಲಿಲ್ಲ. ನಮ್ಮ ಅಜ್ಜಿಯರೂ ಅದೇ ಕೆಲಸ ಮಾಡಿದವರೇ. ಊರಿಗೊಂದು ಕಟ್ಟು, ಮನೆಗೊಂದು ಕಟ್ಟಳೆ ಎಂದು ಆಟ ಬೆಳೆದು ಬಂದದ್ದು ಅವರಿಂದಲೇ.

ಈಗ ನಾನು ಕಂಡ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ.

ಶ್ರಾವಣದಲ್ಲಿ ರಾಗಿ ಬಿತ್ತನೆ ಮುಗಿದು ಮೂರು ದಿನ ಸೋನೆ ಹಿಡಿದಿತ್ತು. ಹೊಲಕ್ಕೆ ಇಳಿಯುವಂತಿರಲಿಲ್ಲ. ಗುಡಿಯ ಜಗಲಿಯಲ್ಲಿ ಇಬ್ಬರು ಯಜಮಾನರು ಚೌಕಾಬಾರ ಆಡುತ್ತಿದ್ದರು. ಇಬ್ಬರ ಹೊಲಕ್ಕೂ ಒಂದೇ ಬದು. ಇಬ್ಬರ ಮನೆಗೂ ತಲೆಮಾರಿನಿಂದ ಮುಯ್ಯಾಳಿನ ಬಳಕೆ. ಒಬ್ಬರ ಕಾಯಿ ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಯಿತು. ‘ನನ್ನ ಒಂದು ಕಾಯನ್ನೂ ಕಡಿದಿಲ್ಲ, ಒಳಗೆ ಹೇಗೆ ಹೋದೆ?’ ಎಂದರು ಇನ್ನೊಬ್ಬರು. ‘ನಮ್ಮ ಮನೆಯಲ್ಲಿ ಅಂಥ ಕಟ್ಟಿಲ್ಲ’ ಎಂದರು ಮೊದಲಿನವರು. ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಸೈಕಲ್ ತಳ್ಳಿಕೊಂಡು ನಾನು ಬಂದೆ. ‘ಸ್ವಾಮಿ, ನೀವು ಓದಿದವರು, ನೀವೇ ಹೇಳಿ’ ಎಂದರು.

ಓದಿದವನು ಎಂದ ಕೂಡಲೇ ನನಗೂ ಸ್ವಲ್ಪ ಏರಿತು. ನಮ್ಮೂರಿನ ಕಟ್ಟಿನಂತೆ, ‘ಕಡಿಯದೆ ಒಳಗೆ ಹೋಗುವ ಹಾಗಿಲ್ಲ’ ಎಂದು ತೀರ್ಪು ಕೊಟ್ಟುಬಿಟ್ಟೆ. ಸೋತವರು ಕೈಯಿಂದ ಕಾಯಿಗಳನ್ನೆಲ್ಲ ಗುಡಿಸಿ ಹಾಕಿ, ‘ಇವರೂರಿನ ಕಟ್ಟು ನಮ್ಮೂರಿಗೆ ಯಾಕೆ?’ ಎಂದು ಎದ್ದು ಹೋದರು.

ಮಳೆ ಹೊಳವಾಯಿತು. ಕುಂಟೆ ಹಾಯಿಸಿ ಕಳೆ ತೆಗೆಯುವ ಕಾಲ ಬಂತು. ಆ ಮನೆಯವರು ಈ ಹೊಲಕ್ಕೆ ಬರಲಿಲ್ಲ, ಈ ಮನೆಯವರು ಆ ಹೊಲಕ್ಕೆ ಹೋಗಲಿಲ್ಲ. ಕೂಲಿಯಾಳು ಹುಡುಕುವುದರಲ್ಲಿ ದಿನ ಕಳೆಯಿತು. ರಾಗಿಗೆ ಮೊದಲ ನಾಲ್ಕೈದು ವಾರ ಕಳೆಯ ಕಾಟ ಇರಬಾರದು; ಆ ಮೇಲೆ ಎಷ್ಟು ಕಿತ್ತರೂ ಹೋದ ಇಳುವರಿ ಪೂರ್ತಿ ತಿರುಗಿ ಬರುವುದಿಲ್ಲ. ಇದನ್ನು ನಿಮಗೆ ಹೇಳಿಕೊಡಬೇಕಾದವನೇ ನಾನು. ಅವರ ಹೊಲದ ಬದುವಿನ ಮೇಲೆ ನಿಂತು ಕಳೆ ನೋಡುವಾಗ ನನಗೆ ನಾಚಿಕೆಯಾಯಿತು.

ಕೊನೆಗೆ ಇದನ್ನು ಸರಿಪಡಿಸಿದವರು ಆ ಮನೆಗಳಲ್ಲೊಂದರ ಅಜ್ಜಿ. ಒಂದು ಸಂಜೆ ಎರಡೂ ಮನೆಯ ಮಕ್ಕಳನ್ನು ಅದೇ ಜಗಲಿಗೆ ಕರೆದು ಗೆರೆ ಎಳೆಸಿದರು. ಮಗನಿಗೂ ನೆರೆಯವರಿಗೂ ಹೇಳಿಕಳಿಸಿದರು. ಹಿರಿಯರ ಮಾತು ತೆಗೆದುಹಾಕಲಾರದೆ ಇಬ್ಬರೂ ಬಂದು ಕೂತರು. ಅಜ್ಜಿ ಕವಡೆಯನ್ನು ಮುಷ್ಟಿಯಲ್ಲಿಯೇ ಹಿಡಿದುಕೊಂಡು, ‘ಗರ ಹಾಕುವ ಮುಂಚೆ ಹೇಳಿ. ಕಡಿಯದೆ ಒಳಗೆ ಹೋಗಬಹುದೋ, ಬಾರದೋ?’ ಎಂದರು. ಇಬ್ಬರೂ ಸುಮ್ಮನಿದ್ದರು. ‘ಸರಿ, ಇವತ್ತಿನ ಆಟ ಅವನ ಕಟ್ಟು, ನಾಳೆಯದು ನಿನ್ನ ಕಟ್ಟು’ ಎಂದು ತಾವೇ ಮೊದಲ ಗರ ಹಾಕಿದರು. ಆ ವರ್ಷದ ಕೊಯ್ಲಿಗೆ ಮುಯ್ಯಾಳು ಮತ್ತೆ ಕೂಡಿತು. ಕಳೆ ತಿಂದ ರಾಗಿ ಮಾತ್ರ ಬರಲಿಲ್ಲ.

ನನ್ನ ತಪ್ಪು ಯಾವುದೆಂದು ನನಗೆ ಆಗ ತಿಳಿಯಿತು. ಯಾರ ಕಟ್ಟು ಸರಿ ಎಂಬುದನ್ನು ನಾನು ಹೇಳಹೊರಟೆ. ‘ಆಟ ಹೂಡುವಾಗ ಏನು ಮಾತಾಡಿಕೊಂಡಿದ್ದಿರಿ?’ ಎಂದು ಕೇಳಬೇಕಾಗಿತ್ತು. ಚೌಕಾಬಾರದಲ್ಲಿ ಕಡಿದು ಹೋಗುವುದೂ ಸರಿ, ಕಡಿಯದೆ ಹೋಗುವುದೂ ಸರಿ. ಆಡುವವರು ಒಪ್ಪಿದ್ದೇ ಕಟ್ಟು.

ಹಾಗಾದರೆ ಕಟ್ಟನ್ನು ಮನಬಂದಂತೆ ಬದಲಾಯಿಸಬಹುದೇ ಎಂದು ಕೇಳಬಹುದು. ಬದಲಾಯಿಸಬಹುದು, ಆದರೆ ಲೆಕ್ಕ ಹಾಕಿ ಬದಲಾಯಿಸಬೇಕು. ಒಂದು ಉದಾಹರಣೆ ನೋಡೋಣ.

ಐದು ಮನೆ ಉದ್ದ, ಐದು ಮನೆ ಅಗಲದ ಚೌಕಾಬಾರದಲ್ಲಿ ಒಂದು ಕಾಯಿ ತನ್ನ ಮನೆಯಿಂದ ಹೊರಟು ನಡುವೆ ಹಣ್ಣಾಗಲು 24 ಹೆಜ್ಜೆ ನಡೆಯಬೇಕು. ಕವಡೆ ಇಲ್ಲದವರು ನಾಲ್ಕು ಹುಣಸೆ ಬೀಜದ ಒಂದೊಂದು ಮಗ್ಗುಲನ್ನು ಕಲ್ಲಿಗೆ ತೇದು ಬಿಳಿ ಮಾಡಿಕೊಳ್ಳುತ್ತಾರೆ. ಮೇಲೆ ಕಂಡ ಬಿಳಿ ಎಷ್ಟೋ ಅಷ್ಟು ನಡೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಬೀಜದ ಎರಡು ಮಗ್ಗುಲೂ ಸಮವಾಗಿ ಬೀಳುವುದಾದರೆ 16 ಬಗೆಯಲ್ಲಿ ಗರ ಬೀಳಬಹುದು. ಅವುಗಳಲ್ಲಿ ಒಂದು ಬೀಳುವುದು 4 ಬಗೆ, ಎರಡು 6 ಬಗೆ, ಮೂರು 4 ಬಗೆ, ಚೌಕ 1, ಬಾರ 1. ಎರಡೇ ಹೆಚ್ಚಾಗಿ ಬೀಳುತ್ತದೆಂದು ಆಡಿದವರಿಗೆಲ್ಲ ಗೊತ್ತು. ಅದರ ಲೆಕ್ಕ ಇದು.

ಕೆಲವು ಮನೆಗಳಲ್ಲಿ ಚೌಕ ಇಲ್ಲವೆ ಬಾರ ಬಿದ್ದರೆ ಮಾತ್ರ ಕಾಯಿ ಹುಟ್ಟುತ್ತದೆ ಎಂಬ ಕಟ್ಟು ಇದೆ. ಹದಿನಾರರಲ್ಲಿ ಎರಡು ಎಂದರೆ ಎಂಟು ಗರಕ್ಕೆ ಒಂದು. ಎಂಟು ಗರ ಹಾಕಿದರೂ ಕಾಯಿ ಹುಟ್ಟದೆ ಕೂತಿರುವವರು ಸುಮಾರು ಮೂವರಲ್ಲಿ ಒಬ್ಬರು! ದೊಡ್ಡವರು ಎಲೆಯಡಿಕೆ ಹಾಕಿಕೊಂಡು ಕಾಯುತ್ತಾರೆ. ಆರು ವರ್ಷದ ಮಗು ಅಳುತ್ತದೆ, ಇಲ್ಲವೆ ಎದ್ದು ಹೋಗುತ್ತದೆ. ಅಂಥ ಮನೆಯವರು ಒಂದು ಮಾತು ಸೇರಿಸಿಕೊಳ್ಳಲಿ: ಮೂರು ಗರದಲ್ಲಿ ಹುಟ್ಟದ ಕಾಯಿ ನಾಲ್ಕನೆಯದರಲ್ಲಿ ಏನು ಬಿದ್ದರೂ ಹುಟ್ಟಲಿ. ಆಟದ ಸೊಗಸು ಕೆಡುವುದಿಲ್ಲ, ಮಗುವೂ ಉಳಿಯುತ್ತದೆ. ಹೊತ್ತು ಕಡಿಮೆ ಇದ್ದರೆ ನಾಲ್ಕು ಕಾಯಿಯ ಬದಲು ಎರಡೇ ಕಾಯಿ ಇಟ್ಟು ಆಡಿ. ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ.

ಬೀಜ ಸಮವಾಗಿ ಬೀಳುತ್ತದೋ ಇಲ್ಲವೋ ನೋಡುವುದು ಹೇಗೆ? ಬಿತ್ತನೆಗೆ ಮುಂಚೆ ನೂರು ಕಾಳು ಹಾಕಿ ಮೊಳಕೆ ಎಣಿಸುತ್ತೀರಲ್ಲ, ಹಾಗೆಯೇ. ಒಂದು ಬೀಜವನ್ನು ನೂರು ಸಲ ಎಸೆದು ಬಿಳಿ ಎಷ್ಟು ಬಿತ್ತು, ಕಪ್ಪು ಎಷ್ಟು ಬಿತ್ತು ಎಂದು ಮಕ್ಕಳಿಂದ ಗೆರೆ ಹಾಕಿಸಿ. ಒಂದೇ ಕಡೆ ತೀರ ಹೆಚ್ಚಾಗಿ ಬಿದ್ದರೆ ಬೇರೆ ಬೀಜ ತೇಯಿರಿ. ಮಕ್ಕಳಿಗೆ ಲೆಕ್ಕವೂ ಆಯಿತು, ಮೊಳಕೆ ಪರೀಕ್ಷೆ ಯಾಕೆಂಬುದೂ ತಿಳಿಯಿತು.

ಹುಲಿ-ಕುರಿ ಆಟದಲ್ಲಿಯೂ ಹೀಗೆಯೇ. ಮೂರು ಹುಲಿ, ಹದಿನೈದು ಕುರಿ. ಕುರಿಯನ್ನು ಹಾರಿ ಹುಲಿ ತಿನ್ನುತ್ತದೆ. ಕುರಿಗಳು ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಬೇಕು. ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ? ಕುರಿಗಳನ್ನೆಲ್ಲ ಇಟ್ಟು ಮುಗಿಯುವ ಮುಂಚೆ ಕುರಿ ನಡೆಯಬಹುದೇ? ಇವು ಊರಿನಿಂದ ಊರಿಗೆ ಬೇರೆ. ಕಲಿಯುವ ಹುಡುಗ ಕುರಿ ಹಿಡಿದರೆ ಹುಲಿಯವರು ಇನ್ನೆರಡು ಕುರಿ ಹೆಚ್ಚಾಗಿ ತಿಂದ ಮೇಲೆಯೇ ಗೆಲುವು ಎಂದು ಒಪ್ಪಿಕೊಳ್ಳಲಿ. ಹುಡುಗ ಕೈ ಕಲಿತ ಮೇಲೆ ಆ ರಿಯಾಯಿತಿ ತೆಗೆದುಬಿಡಿ.

ತೀರ ಚಿಕ್ಕ ಮಕ್ಕಳನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತೇವೆ. ದೊಡ್ಡವರನ್ನು ಕುರಿತು ಆಡಿದರೆ ಇದು ಹಂಗಿಸುವ ಮಾತು. ಮಗುವಿನ ವಿಷಯದಲ್ಲಿ ಇದಕ್ಕಿಂತ ಕರುಣೆಯ ಕಟ್ಟು ಇನ್ನೊಂದಿಲ್ಲ. ಮಗು ಓಡುತ್ತದೆ, ಗರ ಹಾಕುತ್ತದೆ, ನಗುತ್ತದೆ. ಸೋಲು ಮಾತ್ರ ಅದಕ್ಕೆ ತಟ್ಟುವುದಿಲ್ಲ. ಇದನ್ನು ಯಾವ ಅರಸನೂ ಬರೆದುಕೊಡಲಿಲ್ಲ. ನಮ್ಮ ಬೀದಿಯ ಮಕ್ಕಳೇ ಮಾಡಿಕೊಂಡದ್ದು.

ಕಟ್ಟು ಬದಲಾದರೆ ಆಟ ಕೆಟ್ಟಿತು ಎನ್ನುವವರಿಗೆ ಇನ್ನೊಂದು ಮಾತು. ನಮ್ಮ ಪಗಡೆಯ ಜಾತಿಯ ಪಚ್ಚೀಸಿಯನ್ನು ಇಂಗ್ಲೆಂಡಿನವರು ಕೊಂಡೊಯ್ದು, ಕವಡೆ ಬಿಟ್ಟು ಆರು ಮುಖದ ದಾಳ ಇಟ್ಟು, 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಹಕ್ಕು ಪಡೆದರು. ಈಗ ಅದೇ ಮೊಬೈಲಿನಲ್ಲಿ ನಮ್ಮ ಹುಡುಗರ ಕೈಗೆ ಬಂದಿದೆ. ಆಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಕಟ್ಟನ್ನು ಯಂತ್ರವೇ ಹೇಳಿಬಿಡುತ್ತದೆ. ಎದುರಿಗೆ ಕೂತವನ ಮುಖ ನೋಡಿ ‘ಹೀಗೆ ಮಾಡೋಣವೇ?’ ಎಂದು ಕೇಳುವ ಅಭ್ಯಾಸ ಜಗಲಿಯ ಮೇಲೆಯೇ ಆಗಬೇಕು.

ಆ ಅಭ್ಯಾಸ ತಪ್ಪಿದರೆ ಏನಾಗುತ್ತದೆಂದು ಹಿರಿಯರು ಬಲ್ಲರು. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತ ಜಗಳವಾಡಿ, ಅಬ್ಬಗ ಮಣೆಯಿಂದ ಹೊಡೆದದ್ದರಿಂದ ದಾರಗ ಸಾಯುತ್ತಾಳೆ. ಅಬ್ಬಗ ತಾನೂ ಬಾವಿಗೆ ಹಾರುತ್ತಾಳೆ. ಧರ್ಮರಾಯನ ಕಥೆ ಹೇಳಬೇಕಾದ್ದೇ ಇಲ್ಲ. ಎಲ್ಲಿಗೆ ನಿಲ್ಲಿಸಬೇಕು ಎಂಬ ಮಾತಿಲ್ಲದೆ ಕೂತ ಆಟ ಅದು.

ಆದ್ದರಿಂದ ಪ್ರತಿಯೊಂದು ಜಗಲಿಯಲ್ಲಿಯೂ ಈ ಐದು ಮಾತು ನೆನಪಿರಲಿ:

1. ಗರ ಹಾಕುವ ಮೊದಲು ಕಟ್ಟನ್ನು ಬಾಯಿಬಿಟ್ಟು ಹೇಳಿ. ‘ಎಲ್ಲರಿಗೂ ಗೊತ್ತೇ ಇದೆ’ ಎಂದು ಬಿಡಬೇಡಿ. ಜಗಳವೆಲ್ಲ ಅಲ್ಲಿಯೇ ಹುಟ್ಟುತ್ತದೆ.

2. ನಡು ಆಟದಲ್ಲಿ ಕಟ್ಟು ಬದಲಾಯಿಸಬೇಡಿ. ತೊಡಕು ಕಂಡರೆ ಆ ಆಟ ಮುಗಿಸಿ, ಮುಂದಿನ ಆಟಕ್ಕೆ ಸರಿಪಡಿಸಿ.

3. ಯಾರೂ ನೆನೆಯದ ಪ್ರಸಂಗ ಬಂದರೆ ಆ ಗರವನ್ನು ಬಿಟ್ಟು ಮತ್ತೊಂದು ಗರ ಹಾಕಿ. ದಾರಿಯಲ್ಲಿ ಹೋಗುವವರನ್ನು ತೀರ್ಪು ಕೇಳಬೇಡಿ, ಗ್ರಾಮಸೇವಕನನ್ನಂತೂ ಕೇಳಲೇಬೇಡಿ.

4. ಕಿರಿಯರಿಗೂ ಹೊಸಬರಿಗೂ ರಿಯಾಯಿತಿ ಕೊಡಿ. ಕೊಡುವುದನ್ನು ಮೊದಲೇ ಹೇಳಿ ಕೊಡಿ. ಗುಟ್ಟಾಗಿ ಸೋತುಕೊಟ್ಟರೆ ಮಗುವಿಗೆ ತಿಳಿದೇ ತಿಳಿಯುತ್ತದೆ.

5. ಹಣ ಕಟ್ಟಬೇಡಿ. ಹಣ ಬಂದ ಕೂಡಲೇ ಅದು ಜೂಜಾಗುತ್ತದೆ. ಆಮೇಲೆ ರಿಯಾಯಿತಿಯೂ ಇಲ್ಲ, ನಗುವೂ ಇಲ್ಲ.

ಇದನ್ನು ಆಟಕ್ಕೆ ಮಾತ್ರ ಎಂದು ತಿಳಿಯಬೇಡಿ. ಕೆರೆಯ ನೀರಿನ ಸರದಿಯನ್ನು ಕೆರೆ ತುಂಬಿರುವಾಗಲೇ ಮಾತಾಡಿಕೊಳ್ಳಬೇಕು. ನೀರು ತೂಬಿನ ಕೆಳಗೆ ಇಳಿದ ಮೇಲೆ ಪ್ರತಿಯೊಬ್ಬನ ಕಟ್ಟೂ ತನ್ನ ಗದ್ದೆಯ ಕಡೆಗೇ ತಿರುಗುತ್ತದೆ. ನಾಲ್ವರು ಸೇರಿ ಔಷಧಿ ಸಿಂಪಡಿಸುವ ಪಂಪು ಕೊಂಡರೆ, ಯಾರಿಗೆ ಯಾವ ದಿನ, ಕೆಟ್ಟರೆ ಯಾರ ಖರ್ಚು ಎಂಬುದನ್ನು ಕೊಂಡ ದಿನವೇ ಹೇಳಿಕೊಳ್ಳಬೇಕು. ಗರ ಬೀಳುವ ಮುಂಚೆ ನ್ಯಾಯವಾಗಿ ಮಾತಾಡುವುದು ಸುಲಭ. ಬಿದ್ದ ಮೇಲೆ ಕಷ್ಟ.

ಮಂಡಲಿಯ ತರುಣರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ನಿಮ್ಮ ಮನೆಯ ಅಜ್ಜಿಯರನ್ನು ಕೇಳಿ, ಚೌಕಾಬಾರ, ಅಳಗುಳಿ ಮಣೆ, ಹುಲಿ-ಕುರಿ ಆಟಗಳ ಕಟ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ತಾಯಿಯ ತವರಿನ ಕಟ್ಟು ಬೇರೆಯಾಗಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ, ಯಾವುದನ್ನೂ ಹೊಡೆದುಹಾಕಬೇಡಿ. ಮುಂದಿನ ಸಭೆಯಲ್ಲಿ ಅದನ್ನು ಓದೋಣ. ಆ ಮೇಲೆ ಒಂದು ಆಟ ಹೂಡೋಣ. ನಾನೂ ಕೂರುತ್ತೇನೆ, ನಿಮ್ಮೂರಿನ ಕಟ್ಟಿನಂತೆಯೇ ಆಡುತ್ತೇನೆ.